ಆನೆ ಗ್ರೂಪಿನಲ್ಲಿ ಬಂದ ಕಡೆಯ ಮಾತು

ನಮ್ಮ ಕಡೆ ವಾಟ್ಸಾಪಿನ ಆನೆ ಗ್ರೂಪು ಅಂದರೆ ದೇವರ ಗುಡಿಯಷ್ಟೇ ಮಡಿ. ಕಾಡಾನೆ ಯಾವ ತೋಟಕ್ಕೆ ಇಳಿದಿದೆ, ಯಾವ ರಸ್ತೆ ದಾಟುತ್ತಿದೆ, ಒಂಟಿ ಸಲಗವೋ ಹಿಂಡೋ, ಇಷ್ಟನ್ನು ಬಿಟ್ಟು ಬೇರೊಂದು ಅಕ್ಷರವನ್ನು ಅಲ್ಲಿ ಹಾಕುವಂತಿಲ್ಲ. ಶುಭೋದಯ ಇಲ್ಲ, ಹಬ್ಬದ ಹಾರೈಕೆ ಇಲ್ಲ. ಒಬ್ಬರು ಸಂತೋಷ ತಡೆಯಲಾರದೆ ಮೊಮ್ಮಗನ ನಾಮಕರಣದ ಕರೆಯೋಲೆ ಹಾಕಿಬಿಟ್ಟರು. ಗ್ರೂಪು ನಡೆಸುವವರು, ಕುಂದೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಒಬ್ಬ ಹಳೆಯ ರೈಟರು, ಅವರನ್ನು ಆ ಕ್ಷಣವೇ ಹೊರಗೆ ಹಾಕಿದರು. ಪಾಪ, ಹೊರಬಿದ್ದವರು ಆಮೇಲೆ ಬೆಳಿಗ್ಗೆ ಎದ್ದು ತೋಟಕ್ಕೆ ಹೊರಡುವ ಮೊದಲು ಅಕ್ಕಪಕ್ಕದ ಮನೆಯವರಿಗೆಲ್ಲ ಫೋನು ಮಾಡಿ, "ಯಜಮಾನ್ರು ಎಲ್ಲವ್ರೆ ಇವತ್ತು?" ಎಂದು ಕೇಳಬೇಕಾಯಿತು. ಯಜಮಾನ್ರು ಅಂದರೆ ಆನೆ.

ಅಂಥ ಗ್ರೂಪಿನಲ್ಲಿ ಒಂದು ಬೆಳಿಗ್ಗೆ ಒಬ್ಬ ಹೆಸರಾಂತ ನಟನ ಕಡೆಯ ಮಾತು ಬಂತು.

ಅವನು ತಾನೇ ಜೀವ ಕಳೆದುಕೊಂಡ ಸುದ್ದಿ ಹಿಂದಿನ ದಿನವೇ ಟೀವಿಯಲ್ಲಿ ಬಂದಿತ್ತು. ಸಕಲೇಶಪುರದಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿ. ಅಲ್ಲಿ ಕೂತು ನಾನೂ ಅತ್ತೆ. ಅವನ ಸಿನಿಮಾ ಒಂದನ್ನೂ ಬಿಟ್ಟವಳಲ್ಲ ನಾನು. ಅವನು ಹಾಸ್ಯ ಮಾಡಿದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವಳು. ಆದರೆ ಮರುದಿನ ಅವನು ಬರೆದಿಟ್ಟು ಹೋದನೆಂಬ ಸಾಲುಗಳನ್ನು ಯಾರೋ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ, ಪಕ್ಕದಲ್ಲೊಂದು ಉರಿಯುವ ದೀಪ ಇಟ್ಟು, ಆನೆ ಗ್ರೂಪಿಗೆ ಹಾಕಿದರು. ಅದರ ಕೆಳಗೆ ಕೈಮುಗಿದ ಚಿತ್ರಗಳು, ಒಡೆದ ಹೃದಯಗಳು. "ಎಂಥಾ ಮಾತು!" "ಕಲ್ಲೂ ಕರಗುತ್ತೆ." "ಸಾವಿನಲ್ಲೂ ಕವಿ." ಅಷ್ಟು ಕಟ್ಟುನಿಟ್ಟಿನ ರೈಟರು ಕೂಡ ಒಂದು ದೀಪ ಹಚ್ಚಿ ಕೂತಿದ್ದರು.

ನಾನು ಬರೆದೆ: "ಇದು ಆನೆ ಗ್ರೂಪು. ಇದನ್ನು ತೆಗೆಯಿರಿ."

ಒಬ್ಬ ತಕ್ಷಣ ಬರೆದ: "ಅಮ್ಮಾ, ನಿಮಗೆ ಹೃದಯ ಇಲ್ವಾ?"

"ಹೃದಯ ಇರೋದಕ್ಕೇ ಹೇಳ್ತಿರೋದು," ಎಂದು ಬರೆದೆ. ಅದಕ್ಕೆ ರೈಟರೂ ಸೇರಿ ಒಂದಿಷ್ಟು ಜನ ಕೆಂಪು ಮುಖ ಹಾಕಿದರು.

ಆ ಸಾಲುಗಳು ಏನಿದ್ದವು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಬೇಸರವಾದರೆ ಆಗಲಿ. ಅವನ ಒಂದು ಕೆಟ್ಟ ದಿನದ ಕೈಬರಹವನ್ನು ಕನ್ನಡನಾಡೆಲ್ಲ ಆಗಲೇ ಮೆರವಣಿಗೆ ಮಾಡಿ ಆಗಿದೆ. ಅದಕ್ಕೆ ಹೆಗಲು ಕೊಡುವವಳು ನಾನಲ್ಲ.

ನನ್ನ ಸಿಟ್ಟಿಗೆ ಕಾರಣ ಇತ್ತು. ಮಗ್ಗೆ ಕಡೆಯ ಒಂದು ಊರಿನಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಒಬ್ಬಳೇ ಮಗಳು, ಡಿಗ್ರಿಯ ಕೊನೇ ವರ್ಷ. ಆ ಹುಡುಗಿಯ ಅಪ್ಪ, ನನ್ನ ತಂಗಿಯ ಗಂಡ, ಎರಡು ವರ್ಷದ ಹಿಂದೆ ಆ ನಟನ ಹಾಗೆಯೇ ಹೋದವನು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಸಿಕ್ಕಿತು. ನನಗೆ ಇವತ್ತಿಗೂ ಸಿಕ್ಕಿಲ್ಲ. ಬಹಳ ತಿಂಗಳಿಂದ ಅವನಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಮಾತು ಕಮ್ಮಿಯಾಗಿತ್ತು. ಅದನ್ನು ನಾವು ಆಯಾಸ ಅಂದುಕೊಂಡೆವು. ಅದೊಂದು ಕಾಯಿಲೆ, ಅದಕ್ಕೊಬ್ಬ ಡಾಕ್ಟರು ಇರುತ್ತಾರೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಗ ಆ ಹುಡುಗಿ ಕಾಲೇಜಿಗೆ ಹೋಗುವುದನ್ನು ಬಿಟ್ಟು, ಹೀಗೆ ಹೋದ ದೊಡ್ಡವರು ಏನು ಹೇಳಿ ಹೋದರು ಎಂಬುದನ್ನು ಫೋನಿನಲ್ಲಿ ಕೂಡಿಡುತ್ತಿದ್ದಳು. ಹೊರದೇಶದ ಹಾಡುಗಾರ, ಯಾವುದೋ ಕಾಲದ ಬರಹಗಾರ್ತಿ, ಧಾರಾವಾಹಿಯ ನಟಿ. ತಂಗಿ ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ:

"ಅಕ್ಕಾ, ಇವಳು ಸತ್ತೋರ ಮಾತು ಕೂಡಿಡ್ತಾವಳೆ. ಅವರಪ್ಪನ್ನ ಕಳ್ಕಂಡೆ. ಇವಳನ್ನೂ ಕಳ್ಕಂತೀನೇನೋ ಅಂತ ಭಯ ಆಗ್ತೈತೆ ಕಣಕ್ಕ. ನೀನು ಬಂದು ನಾಕು ದಿನ ಇರು."

ಅಂಗಡಿಗೆ ಬೀಗ ಹಾಕಿ ಹೊರಟೆ.

*

ಕಡೆಯ ಮಾತಿನ ಹುಚ್ಚು ಆ ಹುಡುಗಿಗೆ ಫೋನಿನಿಂದ ಬಂದದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ನಮ್ಮ ಮನೆತನದಲ್ಲೇ ಇದೆ.

ನಮ್ಮ ಕಡೆ ಒಂದು ಪದ್ಧತಿ. ಸಾವಿನ ಮನೆಗೆ ಮಾತಾಡಿಸಲು ಹೋದವರು, ಕಾಲು ತೊಳೆದು, ಗೋಡೆಗೆ ಒರಗಿ ಕೂತು, ಆಮೇಲೆ ಕೇಳುತ್ತಾರೆ: "ಕಡೇಗೆ ಏನಂದ್ರು?" ಹೋದವರು ಕಡೆಗೆ ಏನು ಹೇಳಿದರೋ ಅದು ಆ ಮನೆಗೆ ಅಪ್ಪಣೆ. ಇಂಥದ್ದು ತಿನ್ನಬೇಕು ಅಂದಿದ್ದರೆ ವರ್ಷ ವರ್ಷವೂ ಎಡೆಗೆ ಅದೇ ಆಗಬೇಕು. ಆ ಮರ ಕಡಿಯಬೇಡಿ ಅಂದಿದ್ದರೆ ಕೊಡಲಿ ಮುಟ್ಟಿಸುವಂತಿಲ್ಲ.

ನನ್ನ ಅಜ್ಜಿ ಈ ವಿದ್ಯೆಯಲ್ಲಿ ಎತ್ತಿದ ಕೈ. ಸುತ್ತಲ ಊರುಗಳಲ್ಲಿ ಯಾರು ತೀರಿಕೊಂಡರೂ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಮಾತಾಡುವುದನ್ನು ನಾನು ಕಲಿತದ್ದು ಅವಳ ಸೆರಗು ಹಿಡಿದು ಆ ಮನೆಗಳಿಗೆ ಹೋಗಿ, ಮತ್ತೆ ಕಾಫಿ ಒಣಗಿಸುವ ಕಣದಲ್ಲಿ ಅವಳ ಓರಗೆಯ ಹೆಂಗಸರ ನಡುವೆ ಕೂತು. ಒಮ್ಮೆ ಒಬ್ಬ ಮುದುಕರು ಹೋದರು. ಅವರ ಕಡೆಯ ಮಾತು ಏನೆಂದು ಸೊಸೆಗೆ ಹೇಳಲು ನಾಚಿಕೆ. ಅಜ್ಜಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಕೇಳಿದಳು. ಮುದುಕರು ಅಂದದ್ದು: "ಆ ಹಾಳು ಬೆಕ್ಕನ್ನ ಓಡ್ಸ್ರೋ, ಹಾಲೆಲ್ಲ ಕುಡ್ಕಂಡು ಹೋಯ್ತು!"

ಅಜ್ಜಿ ಹೊರಗೆ ಬಂದು, ಕಣ್ಣೊರೆಸಿಕೊಂಡು, ಕೂತಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಈ ಮನೇಲಿ ಹಾಲು ಯಾವತ್ತೂ ಕಮ್ಮಿಯಾಗಬಾರ್ದು ಅಂದ್ರಂತೆ ಕಣ್ರಪ್ಪ."

ಇಡೀ ಜಗಲಿ ಅತ್ತಿತು. ಆ ಮನೆಯವರು ಅದೇ ವರ್ಷ ಇನ್ನೊಂದು ಹಸು ಕಟ್ಟಿದರು. ಅವತ್ತು ದಾರಿಯಲ್ಲಿ ಬರುತ್ತಾ ನಾನು, "ಅಜ್ಜಿ, ಅದು ಸುಳ್ಳಲ್ವಾ?" ಎಂದರೆ, "ಬೆಕ್ಕು ಓಡ್ಸಿ ಅಂದ್ರೆ ಹಾಲು ಉಳ್ಸಿ ಅಂತಾನೇ ಅಲ್ವೇನೇ ಮುಂಡೇದೇ?" ಎಂದು ನನ್ನ ತಲೆಗೊಂದು ಮೊಟಕಿದಳು.

ತಂಗಿಯ ಗಂಡ ಹೋದಾಗಲೂ ಜನ ಬಂದರು, ಕೂತರು, ಕೇಳಿದರು. ಅವನು ಕಡೆಯದಾಗಿ ಹೆಂಡತಿಗೆ ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು: "ದೋಸೆ ಹಿಟ್ಟು ಹುಳಿ ಬಂದೈತೆ ಕಣೇ. ನಾಳೆಗೆ ಬೇರೆ ರುಬ್ಬು." ಅಷ್ಟೇ. ಕಾಗದ ಇಲ್ಲ, ಮೆಸೇಜು ಇಲ್ಲ. ತಂಗಿ ಅದನ್ನೇ ಹೇಳಿದಳು.

ಜನಕ್ಕೆ ಅದು ಸಾಲಲಿಲ್ಲ. ಅವನ ಅಣ್ಣ, ಊರಿಗೇ ಹಿರಿಯ, ಒಳ್ಳೆಯ ಮನುಷ್ಯನೇ, ಸ್ವಲ್ಪ ಹೊತ್ತು ಯೋಚಿಸಿ, "ಹುಳಿ ಬಂದೈತೆ ಅಂದ್ನಾ... ಬದುಕೇ ಹುಳಿಯಾಯ್ತು ಅಂತ ಸೂಚನೆ ಕೊಟ್ಟವ್ನೆ. ನೀನು ತಿಳ್ಕಳ್ಳಲಿಲ್ಲ ಕಣವ್ವ," ಎಂದ. ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು.

ಅಳುತ್ತಾ ಕೂತಿದ್ದ ತಂಗಿ ತಲೆ ಎತ್ತಿದಳು. "ಭಾವ, ಹುಳಿ ಬಂದಿದ್ದು ಹಿಟ್ಟು. ರುಬ್ಬಿದ್ದು ನಾನು. ಅದ್ರಲ್ಲಿ ಇನ್ನೇನೂ ಇರ್ಲಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಅಜ್ಜಿಯ ಮೊಮ್ಮಗಳಲ್ಲವೇ, ಒಂದು ಚಂದದ ಮಾತು ಕಟ್ಟಿಕೊಡುತ್ತಾಳೆ ಎಂದು. "ಅವಳು ಹೇಳಿದ್ದೇ ಸರಿ," ಎಂದು ನಾನು ಎದ್ದು ಕಾಫಿ ತರಲು ಹೋದೆ. ಅವನ ಬಾಯಿಗೆ ನಾನು ಮಾತು ತುರುಕಲಾರೆ. ಆಡಬೇಕಾದ್ದು ಅವನ ಬಾಯಲ್ಲೇ ಬಂದಿದ್ದರೆ ಅವನು ಇರುತ್ತಿದ್ದನೇನೋ.

ಮೂಲೆಯಲ್ಲಿ ಕೂತಿದ್ದ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಎರಡೂ ಒಗ್ಗಲಿಲ್ಲ, ದೊಡ್ಡಪ್ಪನ ಅರ್ಥವೂ, ಅಮ್ಮನ ಹಿಟ್ಟೂ.

*

ನಾನು ಹೋದ ದಿನ ಹುಡುಗಿ ನನ್ನನ್ನು ನೋಡಿ ನಕ್ಕಳು, ಕಾಫಿ ಮಾಡಿಕೊಟ್ಟಳು. ತೆಳ್ಳಗಾಗಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಫೋನು ಇಟ್ಟುಕೊಂಡು, "ದೊಡ್ಡಮ್ಮ, ಇದು ಕೇಳಿ," ಎಂದು ಆ ನಟನ ಸಾಲುಗಳನ್ನು ಓದತೊಡಗಿದಳು.

ತಂಗಿ ಸಾರಿನ ಸೌಟು ಪಾತ್ರೆಗೆ ಕುಕ್ಕಿದಳು. "ಊಟದ ಹೊತ್ನಲ್ಲಿ ಬ್ಯಾಡ ಅಂದಿಲ್ವಾ?"

"ನಿಂಗೆ ಯಾವ ಹೊತ್ನಲ್ಲೂ ಬ್ಯಾಡ ಬಿಡಮ್ಮ."

"ಹೌದು, ಬ್ಯಾಡ. ಬೇಕಾದ್ರೆ ಅವನು ಬದುಕಿದ್ದಾಗ ಹೇಳಿದ್ದು ಓದು. ಕೇಳ್ತೀನಿ."

ಹುಡುಗಿ ನನ್ನ ಕಡೆ ತಿರುಗಿದಳು. "ನೋಡಿ ದೊಡ್ಡಮ್ಮ, ಇವ್ರೆಲ್ಲ ಎಷ್ಟು ಚೆನ್ನಾಗಿ ಹೇಳಿ ಹೋಗಿದ್ದಾರೆ. ಅಮ್ಮಂಗೆ, ಮಕ್ಳಿಗೆ, ಪರಿಚಯಾನೇ ಇಲ್ದೋರಿಗೂ. ನಮ್ಮಪ್ಪ ಹಿಟ್ಟಿನ ಬಗ್ಗೆ ಮಾತಾಡಿ ಹೋದ್ರು. ನಂಗೆ ಏನೂ ಹೇಳ್ಲಿಲ್ಲ. ನಾನು ಹೆಂಗೆ ಇರ್ಬೇಕು, ಏನ್ ಮಾಡ್ಬೇಕು, ಒಂದು ಮಾತು. ಅದ್ಕೇ ಇವ್ರ ಮಾತಲ್ಲಿ ಹುಡುಕ್ತೀನಿ. ಅಪ್ಪಂಗೂ ಹಿಂಗೇ ಅನ್ಸಿರ್ಬೋದು ಅಂತ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ನಮ್ಮ ಪದ್ಧತಿ ಈ ಮಗುವಿನ ಕೈಗೆ ಸಿಕ್ಕಿ ಏನಾಗಿ ಹೋಗಿದೆ! ಅಪ್ಪನ ಅಪ್ಪಣೆ ಸಿಗಲಿಲ್ಲ ಎಂದು ಅವಳು ಗುರುತಿಲ್ಲದವರ ಕಡೆಯ ಮಾತುಗಳನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾಳೆ. ಆ ಮಾತುಗಳೆಲ್ಲ ಎಳೆಯುವುದು ಒಂದೇ ಕಡೆಗೆ.

"ಮಗಾ," ಎಂದೆ, "ನಿಮ್ಮಜ್ಜಂಗೆ ವಿಪರೀತ ಜ್ವರ ಬಂದಾಗ ಮನೆಯೊಳಗೆ ಹೊಳೆ ಬಂತು ಅಂತ ಕೂಗ್ತಿದ್ರು. ನಾವೇನು ದೋಣಿ ತಂದ್ವಾ? ಜ್ವರ ಮಾತಾಡ್ತೈತೆ ಅಂತ ಹಣೆಗೆ ಒದ್ದೆ ಬಟ್ಟೆ ಹಾಕಿದ್ವಿ. ಇವ್ರೂ ಹಂಗೇ. ಅದು ಅವ್ರ ಕಾಯಿಲೆ ಆಡಿದ ಮಾತು. ಆ ಕಾಯಿಲೆ ಭಾಷೆ ಚೆನ್ನಾಗಿ ಕಲ್ತಿರುತ್ತೆ, ಅಷ್ಟೇ."

"ನಿಮಗೆ ಅರ್ಥ ಆಗಲ್ಲ ದೊಡ್ಡಮ್ಮ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಅನ್ನ ಅರ್ಧಕ್ಕರ್ಧ ಉಳಿದಿತ್ತು.

ಅವತ್ತು ಸಂಜೆ ಪಾತ್ರೆ ತೊಳೆಯುತ್ತಾ ತಂಗಿ ನನಗೆ ಹೇಳಿದಳು: "ಆ ನಟನ ಮೇಲೆ ನಂಗೆ ಸಿಟ್ಟಿಲ್ಲ ಕಣಕ್ಕ. ಅವ್ನೂ ನಮ್ಮನೆಯೋರ ಥರಾನೇ ನರಳಿರ್ತಾನೆ. ಅವನ ಹೆಂಡ್ತಿ ಇವತ್ತು ಹೆಂಗೆ ಕೂತಿರ್ತಾಳೆ ಅಂತ ನಂಗೆ ಗೊತ್ತು. ಆದ್ರೆ ಆ ಮಾತಿಗೆ ಹೂವು ಹಾಕಿ, ದೀಪ ಹಚ್ಚಿ, ಹಂಚ್ತಾರಲ್ಲ, ಅವ್ರ ಮೇಲೆ ಐತೆ."

ನನಗೂ ಅಷ್ಟೇ. ಕೊಯ್ಲೆಲ್ಲ ಮುಗಿದ ಮೇಲೆ ಗಿಡದ ಬುಡದಲ್ಲಿ ಕೊಳೆತು ಬಿದ್ದ ನಾಲ್ಕು ಹಣ್ಣು ಹೆಕ್ಕಿ ತಂದು, ಈ ತೋಟದ ಕಾಫಿ ಅಂದರೆ ಇದೇ ಎಂದು ಯಾರಾದರೂ ತೋರಿಸಿದರೆ ನಾವು ಬಿಟ್ಟೇವೆಯೇ? ಅವನು ಅಷ್ಟು ವರ್ಷ ನಗಿಸಿದ. ಅದನ್ನೆಲ್ಲ ಪಕ್ಕಕ್ಕೆ ತಳ್ಳಿ, ಉಸಿರು ಕಟ್ಟಿದ ಒಂದು ದಿನದ್ದನ್ನು ಹಿಡಿದು ಮೆರೆಸುವುದು ಗೌರವವಲ್ಲ.

*

ಮರುದಿನ ಆ ನಟನ ಅಂತ್ಯಸಂಸ್ಕಾರ. ಟೀವಿಯವರು ಬೆಳಿಗ್ಗೆಯಿಂದ ಅದೇ ಸಾಲುಗಳನ್ನು ಪರದೆಯ ಕೆಳಗೆ ಓಡಿಸುತ್ತಿದ್ದರು. ಹುಡುಗಿಯನ್ನು ಟೀವಿಯ ಮುಂದಿನಿಂದ ಎಬ್ಬಿಸುವುದಕ್ಕೇ ನಾನು, "ಸಕಲೇಶಪುರಕ್ಕೆ ಹೋಗೋಣ ಬಾ, ಅಂಗಡೀಲಿ ನಿಂಗೊಂದು ಚೂಡಿದಾರ್ ಹೊಲ್ದು ಇಟ್ಟಿದೀನಿ, ಅಳತೆ ನೋಡ್ಬೇಕು," ಎಂದೆ. ಅದು ಸುಳ್ಳು. ಬಟ್ಟೆ ಕೂಡ ಕತ್ತರಿಸಿರಲಿಲ್ಲ. ಅಜ್ಜಿಯ ಮೊಮ್ಮಗಳು ನಾನು. ಮನಸ್ಸಿಲ್ಲದ ಮನಸ್ಸಿನಿಂದ ಅವಳು ಹೊಸ ಚಪ್ಪಲಿ ಹಾಕಿಕೊಂಡು ಹೊರಟಳು. ಜೊತೆಗೆ ತಂಗಿ.

ಅವರ ಊರಿಂದ ಬಸ್ಸಿನ ರಸ್ತೆಗೆ ಒಂದು ಎಸ್ಟೇಟಿನ ನಡುವೆ ಹಾದುಹೋಗಬೇಕು. ಹೊರಡುವ ಮೊದಲು ಆನೆ ಗ್ರೂಪು ನೋಡುವುದು ನಮಗೆಲ್ಲ ಚಪ್ಪಲಿ ಹಾಕುವಷ್ಟೇ ಅಭ್ಯಾಸ. ನಾನು ನೋಡಿದೆ. ದೀಪ, ದೀಪ, ಕೈಮುಗಿದ ಚಿತ್ರ, ಕಡೆಯ ಮಾತು, ಅದರ ಮೇಲೆ ಇನ್ನೊಬ್ಬರು ಹಾಡಿದ ಹಾಡು, ಮತ್ತೆ ದೀಪ. ಬೆರಳು ಸೋಲುವಷ್ಟು ಮೇಲೆ ತಳ್ಳಿದರೂ ಅದೇ. ಆನೆ ಸುದ್ದಿ ಇಲ್ಲ ಎಂದುಕೊಂಡು ಫೋನು ಒಳಗಿಟ್ಟೆ.

ಸುದ್ದಿ ಇತ್ತು. ಆ ದೀಪಗಳ ಅಡಿಯಲ್ಲಿ ಹೂತುಹೋಗಿತ್ತು.

ಎಸ್ಟೇಟಿನ ತಿರುವಿನಲ್ಲಿ ಸಿಲ್ವರ್ ಓಕ್ ಮರಗಳ ಪಕ್ಕ ಅದು ನಿಂತಿತ್ತು. ಒಂಟಿ ಸಲಗ. ಬಾಳೆಯ ಗಿಡವೊಂದನ್ನು ಸೊಂಡಿಲಿನಲ್ಲಿ ಎತ್ತಿ ಮುಂಗಾಲಿಗೆ ಬಡಿದು ಮಣ್ಣು ಕೊಡವುತ್ತಿತ್ತು. ನಮ್ಮನ್ನು ನೋಡಿ ಕಿವಿ ಅಗಲಿಸಿತು. ನಾನು ಅಷ್ಟು ವರ್ಷ ಆ ಸೀಮೆಯಲ್ಲಿದ್ದು, ಆನೆ ಕಂಡರೆ ಹೀಗೆ ಮಾಡಬೇಕು ಹಾಗೆ ಮಾಡಬೇಕು ಎಂದು ಬಂದವರಿಗೆಲ್ಲ ಬುದ್ಧಿ ಹೇಳಿದವಳು, ಮರದ ಹಾಗೆ ನಿಂತುಬಿಟ್ಟೆ.

ಹುಡುಗಿ ನಿಲ್ಲಲಿಲ್ಲ. ಒಂದು ಕೈಯಲ್ಲಿ ಅಮ್ಮನ ರಟ್ಟೆ, ಇನ್ನೊಂದರಲ್ಲಿ ನನ್ನ ಸೆರಗು ಹಿಡಿದು, "ಓಡಿ! ಲೈನ್ ಕಡೆ ಓಡಿ!" ಎಂದು ಎಳೆದಳು. ಕಾಫಿ ಗಿಡಗಳ ನಡುವೆ ಬಿದ್ದು ಎದ್ದು ಓಡಿದೆವು. ಹಿಂದೆ ಕೊಂಬೆ ಮುರಿಯುವ ಸದ್ದು. ಅಷ್ಟರಲ್ಲಿ ಅವಳ ಕಾಲಿನ ಹೊಸ ಚಪ್ಪಲಿಯೊಂದು ಕಳಚಿ ಹಿಂದುಳಿಯಿತು. ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದ್ದ ಹುಡುಗಿ ತಿರುಗಿ ನೋಡಿ, ಇಡೀ ತೋಟಕ್ಕೆ ಕೇಳುವಂತೆ ಕಿರುಚಿದಳು: "ಅಯ್ಯೋ ನನ್ ಚಪ್ಲಿ!"

ಲೈನು ಅಂದರೆ ತೋಟದ ಆಳುಗಳ ಸಾಲುಮನೆಗಳು. ಮೊದಲನೇ ಮನೆಯ ಹೆಂಗಸು ಬಾಗಿಲು ತೆರೆದು ನಮ್ಮ ಮೂವರನ್ನೂ ಒಳಗೆ ಎಳೆದುಕೊಂಡಳು. ಅಗಣಿ ಹಾಕಿ, "ಏನ್ರಮ್ಮ ನೀವು! ಗ್ರೂಪ್ ನೋಡಲ್ವಾ? ಬೆಳಿಗ್ಗೇನೇ ಹಾಕವ್ರೆ, ನಾವೆಲ್ಲ ಕೆಲ್ಸಕ್ಕೇ ಹೋಗಿಲ್ಲ," ಎಂದು ಬೈದಳು. ಕಿಟಕಿಯಲ್ಲಿ ನೋಡಿದರೆ ಸಲಗ ನಮ್ಮ ಹಿಂದೆ ಬಂದಿರಲೇ ಇಲ್ಲ. ತಿರುವಿನಲ್ಲೇ ನಿಂತು ಬಾಳೆ ತಿನ್ನುತ್ತಿತ್ತು.

ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದ ತಂಗಿ ಮಗಳ ಬರಿಗಾಲನ್ನು ನೋಡಿದಳು. ಇನ್ನೇನು ಬಿಕ್ಕುತ್ತಾಳೆ ಎಂದುಕೊಂಡೆ. ಅವಳು ನಗತೊಡಗಿದಳು.

"ಅಲ್ವೇ, ಈಗೇನಾದ್ರೂ ಆಗಿದ್ದಿದ್ರೆ? ನಾಳೆ ಜನ ಬಂದು ಕೂತು, ನಿನ್ ಮಗ್ಳು ಕಡೇಗೆ ಏನಂದ್ಲು ಅಂತ ಕೇಳ್ತಿದ್ರು. ನಾನೇನು ಹೇಳ್ಲಿ? ಚಪ್ಲಿ ಅಂದ್ಲು ಅನ್ಲಾ?"

ನನಗೂ ತಡೆಯಲಾಗಲಿಲ್ಲ. "ನಿಮ್ ಭಾವ ಬಿಡ್ತಿದ್ರಾ? ಈ ಲೋಕದ ನಂಟು ಕಳಚಿ ಹೋಯ್ತು ಅಂತ ಸೂಚನೆ ಅಂತಿದ್ರು!"

ಹುಡುಗಿ ಮೊದಲು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಅವಳಿಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು. ನಗುತ್ತಾ ನಗುತ್ತಾ, "ಅದು ಬೇಕಂತ ಅಂದಿದ್ದಲ್ಲ ದೊಡ್ಡಮ್ಮ, ಸುಮ್ನೆ ಬಾಯಿಗೆ ಬಂತು, ಅಷ್ಟೇ," ಎಂದಳು. ಅಂದವಳ ನಗು ತಟಕ್ಕನೆ ನಿಂತಿತು. ಬಹಳ ಮೆಲ್ಲಗೆ, "ಅಪ್ಪಂಗೂ ಸುಮ್ನೆ ಬಾಯಿಗೆ ಬಂದಿದ್ದಾ ಅದು?" ಎಂದಳು.

"ಹೂಂ ಮಗಾ," ಎಂದಳು ತಂಗಿ. "ಅಡುಗೆಮನೆಗೆ ಬಂದ್ರು. ಮುಚ್ಚಳ ತೆಗೆದ್ರು. ಬಾಯಿಗೆ ಬಂದಿದ್ದು ಅಂದ್ರು. ನಿನ್ನ ಮರ್ತಿದ್ರು ಅಂತ ಅದ್ರ ಅರ್ಥ ಅಲ್ಲ."

ಹುಡುಗಿ ಅತ್ತಳು. ಎರಡು ವರ್ಷದ್ದು ಅದು, ಬೇಗ ಮುಗಿಯಲಿಲ್ಲ. ಲೈನಿನ ಹೆಂಗಸು ಏನೂ ಕೇಳದೆ ಒಲೆಗೆ ನೀರಿಟ್ಟಳು.

ಕೇಳಬೇಕಾದ ಒಂದು ಮಾತನ್ನು ನಾವಿಬ್ಬರೂ ಕೇಳಿರಲಿಲ್ಲ. ನಮ್ಮಲ್ಲಿ ಅಂಥದ್ದನ್ನು ಕೇಳುವುದಿಲ್ಲ. ಮನೆಯೊಳಗೆ ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ಕೆಟ್ಟದ್ದು ಆಡಿದರೆ ಅಸ್ತು ಅಂದುಬಿಡುತ್ತವೆ, ಅಂದದ್ದು ಆಗಿಬಿಡುತ್ತದೆ ಎಂದು ಭಯ. ಆ ಭಯದಲ್ಲೇ ಅವಳ ಅಪ್ಪನನ್ನೂ ಯಾರೂ ಕೇಳಲಿಲ್ಲ. ನನಗೆ ಆ ಹೊತ್ತಿನಲ್ಲಿ ದೇವತೆಗಳ ಮೇಲೂ ರೋಷ ಬಂತು. ಅಸ್ತು ಅಂದುಕೊಳ್ಳಲಿ ಅತ್ಲಾಗೆ.

"ಮಗಾ, ನೇರವಾಗಿ ಕೇಳ್ತೀನಿ, ನೇರವಾಗಿ ಹೇಳು. ನಿಂಗೂ ಜೀವ ಕಳ್ಕಬೇಕು ಅನ್ಸುತ್ತಾ?"

ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಹುಡುಗಿ ಬೆಚ್ಚಲಿಲ್ಲ. ಯಾರಾದರೂ ಕೇಳಲಿ ಎಂದು ಕಾದವಳ ಹಾಗೆ ನನ್ನ ಮುಖ ನೋಡಿದಳು.

"ಅನ್ಸುತ್ತೆ. ಯಾವಾಗ್ಲೂ ಅಲ್ಲ. ಒಂದೊಂದ್ಸಲ. ಓದ್ತಾ ಕೂತಾಗ ಜಾಸ್ತಿ."

"ಇವತ್ತು?"

ಅವಳು ತನ್ನ ಕೆಸರು ಕಾಲನ್ನು ನೋಡಿಕೊಂಡಳು. "ಇವತ್ತು ಓಡಿದ್ನಲ್ಲ."

ತಂಗಿ ಆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮುಳ್ಳು ಹುಡುಕತೊಡಗಿದಳು. ಮುಳ್ಳು ಇರಲಿಲ್ಲ. ಆದರೂ ಹುಡುಕಿದಳು.

ಅಲ್ಲೇ ಕೂತು ನಾನು ಆನೆ ಗ್ರೂಪಿಗೆ ಬರೆದೆ: ನಿಮ್ಮ ದೀಪದ ಅಡಿ ಆನೆ ಸುದ್ದಿ ಹೂತುಹೋಗಿ ಮೂರು ಜನ ಹೆಂಗಸರು ಸಾಯುತ್ತಿದ್ದೆವು, ಈಗಲಾದರೂ ಅದನ್ನೆಲ್ಲ ಅಳಿಸಿ. ರೈಟರು ಈ ಸಲ ಕೆಂಪು ಮುಖ ಹಾಕಲಿಲ್ಲ. ಫೋನನ್ನೇ ಮಾಡಿದರು. "ತಪ್ಪಾಯ್ತು ಕಣಮ್ಮ. ನಂದೂ ಒಂದು ದೀಪ ಇತ್ತು." ಒಂದೊಂದಾಗಿ ಎಲ್ಲವನ್ನೂ ತೆಗೆಸಿದರು. ಕೆಲವರು ಮುನಿಸಿಕೊಂಡು ಗ್ರೂಪು ಬಿಟ್ಟು, ಆನೆ ಬಂದ ಮೇಲೆ ವಾಪಸು ಸೇರಿದರು.

*

ಮರುದಿನವೇ ಹಾಸನದ ಬಸ್ಸು ಹತ್ತಿದೆವು. ಪಕ್ಕದ ಸೀಟಿನಲ್ಲಿ ತಂಗಿಯ ಊರಿನದೇ ಒಬ್ಬ ಹೆಂಗಸು. "ಏನು, ತಾಯಿ ಮಗಳು ಹೊರಟ್ರಿ? ಗಂಡು ಗಿಂಡು ನೋಡಕ್ಕಾ?" ಎಂದು ಕೇಳಿದಳು.

ನಾನಾಗಿದ್ದರೆ ಏನಾದರೂ ಕಥೆ ಕಟ್ಟುತ್ತಿದ್ದೆ. ತಂಗಿ ಬಸ್ಸಿಗೆಲ್ಲ ಕೇಳುವಂತೆ, "ಮನಸ್ಸಿನ ಡಾಕ್ಟ್ರ ಹತ್ರ. ನಿಮ್ಗೂ ಒಂದು ಚೀಟಿ ಮಾಡ್ಸ್‌ಲಾ?" ಎಂದಳು.

"ಅಯ್ಯೋ, ನಂಗ್ಯಾಕವ್ವ, ನಾನೇನು..." ಎಂದು ಆ ಹೆಂಗಸು ಕಿಟಕಿ ಕಡೆ ತಿರುಗಿದಳು. ಬಸ್ಸು ಮುಂದಿನ ಊರು ದಾಟಿತು. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು: "ಅಲ್ಲಿ ನಿದ್ದೆ ಬರದಿದ್ರೂ ನೋಡ್ತಾರಾ?"

"ನೋಡ್ತಾರೆ, ಬನ್ನಿ," ಎಂದು ಹುಡುಗಿ ಅವಳಿಗೆ ಜಾಗ ಬಿಟ್ಟುಕೊಟ್ಟಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವಸರ ಮಾಡಲಿಲ್ಲ. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಇದು ಕಾಯಿಲೆ, ವಾಸಿಯಾಗುತ್ತದೆ, ಒಂದೇ ದಿನದಲ್ಲಿ ಅಲ್ಲ, ಮತ್ತೆ ಮತ್ತೆ ಬರಬೇಕು ಎಂದರು. ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ನಮಗೆ ಹೇಳಿದರು. ಯಾವ ಹೊತ್ತಿಗೆ ಬೇಕಾದರೂ ಮಾತಾಡಬಹುದು ಎಂದು ಸರ್ಕಾರದ ಉಚಿತ ಸಹಾಯವಾಣಿಯ ನಂಬರನ್ನು ಅವಳ ಫೋನಿಗೆ ಹಾಕಿಸಿದರು. ಕೂಡಿಟ್ಟ ಮಾತುಗಳನ್ನು ಅವಳು ಅಳಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಊಟದ ತಟ್ಟೆಯ ಪಕ್ಕದಿಂದ ಫೋನು ಮಾತ್ರ ಎದ್ದುಹೋಯಿತು.

ಹುಷಾರಾದಳು ಎಂದು ಡಂಗುರ ಸಾರುವಂತಿಲ್ಲ. ಕೆಲವು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಅಂಥ ದಿನ ಅವಳೇ ನನಗೆ ಫೋನು ಮಾಡಿ, "ದೊಡ್ಡಮ್ಮ, ಇವತ್ತು ಸರಿಯಿಲ್ಲ," ಎನ್ನುತ್ತಾಳೆ. ನಾನು ಬಸ್ಸು ಹತ್ತುತ್ತೇನೆ. ಕಾಲೇಜಿಗೆ ಮತ್ತೆ ಹೋಗುತ್ತಿದ್ದಾಳೆ. ಚೂಡಿದಾರ್ ಹೊಲಿದುಕೊಟ್ಟೆ.

ನಾನೂ ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಆದರೆ ಆ ಪ್ರಶ್ನೆ ಕೇಳುವುದಿಲ್ಲ. ಬೇರೆಯವರು ಕೇಳಿದರೆ ಅಡ್ಡ ಬಾಯಿ ಹಾಕುತ್ತೇನೆ: "ಅದು ಬಿಡಿ, ದಿನಾ ಏನಂತಿದ್ರು ಹೇಳಿ." ಅಜ್ಜಿ ಇದ್ದಿದ್ದರೆ ಮೊಟಕುತ್ತಿದ್ದಳೋ ಏನೋ. ಮೊಟಕಲಿ.

ಈ ಸಲದ ಪಿತೃಪಕ್ಷಕ್ಕೆ ತಂಗಿಯ ಮನೆಯಲ್ಲಿ ಎಡೆ ಇಟ್ಟೆವು. ಬಾಳೆಲೆಯ ಮೇಲೆ ಅನ್ನ, ಸಾರು, ಕಡುಬು, ಪಾಯಸ, ಅವನ ಫೋಟೋಗೊಂದು ಹಾರ. ನೆಂಟರು ಜಗಲಿಯಲ್ಲಿ ಕೂತಿದ್ದರು. ಎಡೆ ಎತ್ತುವ ಮೊದಲು ಅವನ ಅಣ್ಣ ನಿಟ್ಟುಸಿರು ಬಿಟ್ಟು ಶುರುಮಾಡಿದ: "ಪಾಪ, ಕಡೇಗೆ ಮಗ್ಳಿಗೆ ಒಂದು ಮಾತೂ ಹೇಳ್ದೆ ಹೋಗ್ಬುಟ್ಟ..."

ತಂಗಿ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಒಳಗಿಂದ ಬಂದು ದೊಡ್ಡಪ್ಪನ ಎದುರಿಗೇ ಕೂತಳು.

"ಹೇಳಿದ್ರು ದೊಡ್ಡಪ್ಪ. ಹುಟ್ಟಿದಾಗಿಂದ ಹೇಳಿದ್ರು. ಕೇಳ್ತೀರಾ?"

ಅಪ್ಪನ ದನಿಯೇ ಬಂತು ಅವಳ ಗಂಟಲಲ್ಲಿ. ಮೆಣಸು ತೂಗುವ ವ್ಯಾಪಾರಿಗೆ ಅವನು ಹೇಳುತ್ತಿದ್ದದ್ದು: "ಸಾವ್ಕಾರ್ರೇ, ನಿಮ್ ತಕ್ಕಡಿಗೆ ನನ್ ಮೇಲೆ ಏನ್ ಸಿಟ್ಟು?" ಬೆಳಕು ಹರಿಯುವ ಮೊದಲೇ ಕೂಗುವ ಹುಂಜಕ್ಕೆ: "ನಿಂಗೊಬ್ನಿಗೇ ಬೆಳಗಾಗಿರೋದಾ?" ತೋಟಕ್ಕೆ ಇಳಿದ ಆನೆಗೆ ದೂರದಿಂದ ಕೈಮುಗಿದು: "ಸ್ವಾಮಿ, ಬಾಳೆ ತಿನ್ಕಳಿ, ಮೆಣಸಿನ ಬಳ್ಳಿ ತುಳೀಬ್ಯಾಡಿ." ಇವಳು ಲೆಕ್ಕದಲ್ಲಿ ಫೇಲಾಗಿ ಬಂದಾಗ: "ನಾನು ಪಾಸಾಗಿದ್ದಿದ್ರೆ ನಿನ್ನ ಬೈಬೋದಿತ್ತು ಮಗಾ. ಬಾ, ಊಟ ಮಾಡಾಣ."

ಜಗಲಿಯಲ್ಲಿ ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು. ಯಾರೋ, "ನಮ್ ಬೈಕ್ ಕೆಟ್ಟಾಗ ಏನಂದಿದ್ದ ಗೊತ್ತಾ?" ಎಂದು ತಮ್ಮದೊಂದು ಸೇರಿಸಿದರು. ಹುಡುಗಿ ಅದನ್ನು ತಿದ್ದಿದಳು: "ಹಂಗಲ್ಲ ಮಾಮ, ಅಪ್ಪ ಅದನ್ನ ಹೇಳೋದು ಹಿಂಗೆ." ತಂಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ ನಗುತ್ತಿದ್ದಳು. ಎಡೆಯ ಮೇಲಿನ ಅನ್ನ ಆರಿಹೋಯಿತು. ಯಾರಿಗೂ ಗಮನವಿಲ್ಲ.

ಕಡೆಗೆ ಅವನ ಅಣ್ಣನೇ ಹೊಟ್ಟೆ ಸವರಿಕೊಂಡ. "ಹಸಿವಾಗ್ತೈತೆ ಕಣವ್ವ, ಎಡೆ ಎತ್ತಿ ಬಡ್ಸು."

"ಕೂತ್ಕಳಿ ದೊಡ್ಡಪ್ಪ," ಎಂದಳು ಹುಡುಗಿ. "ಹಸ ಹಾಲು ಕೊಡದಿದ್ದಾಗ ಏನಂತಿದ್ರು ಅಂತ ಇನ್ನೂ ಹೇಳೇ ಇಲ್ಲ."